ಕೂಲಿ ದಾನವಲ್ಲ, ಸಲ್ಲಬೇಕಾದ ಋಣ



ಪ್ರತಿವರ್ಷ ಮೇ 1ರಂದು ನಾವು ಕಾರ್ಮಿಕರಾದ ಸಂತ ಜೋಸೆಫರ ಹಬ್ಬವನ್ನು ಆಚರಿಸುತ್ತೇವೆ. ದುಡಿಯುವ ಜನರ ದಿನವನ್ನೇ ನಜರೇತಿನ ಬಡಗಿಯ ಹಬ್ಬವನ್ನಾಗಿ 1955ರಲ್ಲಿ ಘೋಷಿಸಿದವರು ಹನ್ನೆರಡನೆಯ ಪಯಸ್ ಜಗದ್ಗುರುಗಳು. ಅದಕ್ಕೂ ಮುನ್ನ, 1891ರಲ್ಲಿ, ಹದಿಮೂರನೆಯ ಲಿಯೋ ಜಗದ್ಗುರುಗಳು ‘ರೇರುಮ್ ನೊವಾರುಮ್’ ವಿಶ್ವಪತ್ರದಲ್ಲಿ ಒಂದು ಸತ್ಯವನ್ನು ಸಾರಿದ್ದರು: ಹಸಿವಿಗೆ ಹೆದರಿ ಕಾರ್ಮಿಕನು ಅಲ್ಪ ಕೂಲಿಗೆ ಒಪ್ಪಿಕೊಂಡ ಮಾತ್ರಕ್ಕೆ ಅದು ನ್ಯಾಯವಾಗುವುದಿಲ್ಲ.

ನಮ್ಮ ದೇಶದ ಕಾನೂನೂ ಇದೇ ದಾರಿ ಹಿಡಿಯಿತು. 1948ರ ಕನಿಷ್ಠ ವೇತನ ಕಾಯ್ದೆಯ ಪ್ರಕಾರ, ನಿಗದಿಯಾದ ದರಕ್ಕಿಂತ ಕಡಿಮೆಗೆ ದುಡಿಯುತ್ತೇನೆಂದು ಕಾರ್ಮಿಕನೇ ಬರೆದುಕೊಟ್ಟರೂ ಆ ಕರಾರಿಗೆ ಬೆಲೆಯಿರಲಿಲ್ಲ. ಆ ದರವನ್ನು ಹೇಗೆ ಲೆಕ್ಕ ಹಾಕಬೇಕು? 1957ರ ಭಾರತೀಯ ಕಾರ್ಮಿಕ ಸಮ್ಮೇಳನವು ಕುಟುಂಬದ ಆಹಾರ, ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಸೌದೆ-ದೀಪದ ಖರ್ಚುಗಳನ್ನು ಹೆಸರಿಸಿತು. 1991ರಲ್ಲಿ ಸರ್ವೋಚ್ಚ ನ್ಯಾಯಾಲಯವು ಮಕ್ಕಳ ಓದು, ಔಷಧ, ಹಬ್ಬ, ಮದುವೆ, ಮುಪ್ಪಿನ ದಿನಗಳನ್ನೂ ಅದಕ್ಕೆ ಸೇರಿಸಿತು. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸುವುದು ಸಂವಿಧಾನದ 23ನೆಯ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೇ ಎಂದು ಅದೇ ನ್ಯಾಯಾಲಯ 1982ರಲ್ಲೇ ತೀರ್ಪಿತ್ತಿತ್ತು.

ಆದರೆ ಕಾಗದದ ಮೇಲಿನ ಹಕ್ಕು ಕೈಗೆ ಬರಲು ಎಷ್ಟು ಕಾಯಬೇಕೆಂಬುದನ್ನು ನಮ್ಮ ಜಿಲ್ಲೆ ಬಲ್ಲದು. ದೊಡ್ಡಬಳ್ಳಾಪುರದಲ್ಲಿ ಮಗ್ಗಗಳ ಸದ್ದಿನ ಜೊತೆಗೆ ಗಾರ್ಮೆಂಟ್ ಕಾರ್ಖಾನೆಗಳೂ ಬಂದವು. ಬೆಳಗಾಗುತ್ತಲೇ ಬುತ್ತಿ ಕಟ್ಟಿಕೊಂಡು ಹಳ್ಳಿಗಳಿಂದ ಹೊರಡುವ ಹೆಣ್ಣುಮಕ್ಕಳಿಗೆ ಭವಿಷ್ಯ ನಿಧಿಯೇ ಆಪತ್ಕಾಲದ ಗಂಟು. ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲವೆಂಬ ನಿಯಮ 2016ರಲ್ಲಿ ಬಂದಾಗ, ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಗಾರ್ಮೆಂಟ್ ಕಾರ್ಮಿಕರು, ಬಹುಪಾಲು ಮಹಿಳೆಯರು, ಸಾವಿರಾರು ಸಂಖ್ಯೆಯಲ್ಲಿ ಬೀದಿಗಿಳಿದರು. ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂದಕ್ಕೆ ಪಡೆಯಿತು.

ಮುಂದೆ 2020ರ ಏಪ್ರಿಲ್‌ನಿಂದ ಸಲ್ಲಬೇಕಿದ್ದ ತುಟ್ಟಿಭತ್ಯೆಯ ಏರಿಕೆಯನ್ನು ಕೋವಿಡ್ ಕಾರಣದಿಂದ ರಾಜ್ಯ ಸರ್ಕಾರ ಮುಂದೂಡಿತು. ಉಚ್ಚ ನ್ಯಾಯಾಲಯ ಅದೇ ಸೆಪ್ಟೆಂಬರ್‌ನಲ್ಲಿ ಆ ಆದೇಶಕ್ಕೆ ತಡೆ ನೀಡಿದರೂ ಅನೇಕ ಗಾರ್ಮೆಂಟ್ ಕಾರ್ಖಾನೆಗಳು ಹಣ ಕೊಡಲಿಲ್ಲ. ಕಾರ್ಮಿಕ ಸಂಘಗಳು ಪಟ್ಟು ಬಿಡದೆ ಕೇಳಿದ ಮೇಲೆ 2022ರ ಆರಂಭದಲ್ಲಿ ಬಾಕಿ ಪಾವತಿಯಾಗತೊಡಗಿತು. ತಿಂಗಳಿಗೆ ಸುಮಾರು 417 ರೂಪಾಯಿಯ ಪ್ರಶ್ನೆ ಅದು. ಉಳ್ಳವರಿಗೆ ಚಿಲ್ಲರೆ, ಆ ತಾಯಂದಿರಿಗೆ ಮಕ್ಕಳ ಹಾಲು.

2025ರ ನವೆಂಬರ್ 21ರಿಂದ ಹಳೆಯ ಕಾಯ್ದೆಯ ಜಾಗಕ್ಕೆ 2019ರ ವೇತನ ಸಂಹಿತೆ ಬಂದಿದೆ. ಮೊದಲು ಪಟ್ಟಿಯಲ್ಲಿದ್ದ ಉದ್ಯೋಗಗಳಿಗೆ ಮಾತ್ರವಿದ್ದ ಕನಿಷ್ಠ ವೇತನದ ಹಕ್ಕು ಈಗ ಎಲ್ಲ ನೌಕರರಿಗೂ ವಿಸ್ತರಿಸಿದೆ. ವೇತನ ಚೀಟಿ ಕೊಡಬೇಕು. ಕೆಲಸ ಬಿಟ್ಟವರ ಲೆಕ್ಕವನ್ನು ಎರಡು ಕೆಲಸದ ದಿನಗಳೊಳಗೆ ಚುಕ್ತಾ ಮಾಡಬೇಕು. ಬಾಕಿ ಕೇಳಲು ಮೂರು ವರ್ಷಗಳ ಅವಧಿಯಿದೆ. ಆದುದರಿಂದ ವೇತನ ಚೀಟಿಗಳನ್ನು ಜೋಪಾನವಾಗಿಡಿ, ಮನೆಯ ಓದುಬಲ್ಲ ಮಕ್ಕಳಿಂದ ಓದಿಸಿ ತಿಳಿದುಕೊಳ್ಳಿ.

ಕೊನೆಗೊಂದು ಮಾತು, ಕೂಲಿ ಕೊಡುವ ಕುಟುಂಬಗಳಿಗೆ. ಮನೆಗೆಲಸದವರಿಗೂ ಕನಿಷ್ಠ ವೇತನವನ್ನು ಕರ್ನಾಟಕ 2004ರಲ್ಲೇ ನಿಗದಿಪಡಿಸಿತು. ನಮ್ಮ ಪಾತ್ರೆ ತೊಳೆಯುವ, ತೋಟ ಅಗೆಯುವ ಕೈಗಳಿಗೆ ಹಬ್ಬಕ್ಕೆ ಹಳೆಯ ಸೀರೆ, ಮಿಕ್ಕ ಊಟ ಕೊಟ್ಟು ಉದಾರಿಗಳೆನಿಸಿಕೊಳ್ಳುವುದು ಸುಲಭ. ಬಡವನ ಕೂಲಿಯನ್ನು ಸೂರ್ಯ ಮುಳುಗುವ ಮುನ್ನ ಕೊಡಬೇಕೆಂದು ಮೋಶೆಯ ಧರ್ಮಶಾಸ್ತ್ರ ವಿಧಿಸುತ್ತದೆ. ಮೊದಲು ಆ ಋಣ ತೀರಲಿ, ದಾನಧರ್ಮ ಆಮೇಲಿನದು. ಸಂತ ಜೋಸೆಫರು ನಮ್ಮೆಲ್ಲರಿಗಾಗಿ ಪ್ರಾರ್ಥಿಸಲಿ.