ಬಚ್ಚಲಿನ ಬಿಸಿನೀರಿನ ಶಾಖರಕ್ಷಣೆ: ನಂಜನಗೂಡು, ತಿ. ನರಸೀಪುರ

ಸ್ನಾನಕ್ಕೆ ಕಾಯಿಸಿದ ನೀರಿನ ಬಿಸಿ ಹಂಡೆ, ಗೀಸರ್, ಸೋಲಾರ್ ಟ್ಯಾಂಕು ಮತ್ತು ಕೊಳವೆಗಳಿಂದ ಗಾಳಿಗೆ ಹೋಗದಂತೆ ಹೊದಿಕೆ ಕೊಟ್ಟು ಸೌದೆ, ವಿದ್ಯುತ್ತನ್ನು ಉಳಿಸುವ ಕ್ರಮ. ಕಪಿಲೆಯ ದಡದ ನಂಜನಗೂಡಿನಲ್ಲಾಗಲಿ, ಕಪಿಲೆ ಕಾವೇರಿಯನ್ನು ಕೂಡುವ ತಿರುಮಕೂಡಲು ನರಸೀಪುರದಲ್ಲಾಗಲಿ ಕೊರೆಯುವ ಚಳಿಯಿಲ್ಲ. ಆದರೂ ಬೆಳಗಿನ ಸ್ನಾನಕ್ಕೆ ಬಿಸಿನೀರು ಬೇಕು.

ಈ ಸೀಮೆಗೆ ಶಾಖರಕ್ಷಣೆ ಹೊಸದಲ್ಲ. ಹಳೆಯ ಮನೆಗಳ ಬಚ್ಚಲಲ್ಲಿ ತಾಮ್ರದ ಹಂಡೆಯನ್ನು ಒಲೆಯ ಮೇಲೆ ಕೂರಿಸಿ, ಸುತ್ತ ಕಟ್ಟೆ ಕಟ್ಟಿ ಮಣ್ಣು ಮೆತ್ತುತ್ತಿದ್ದರು. ತೆಂಗಿನ ಗರಿ, ಮಟ್ಟೆ, ಚಿಪ್ಪು ಉರಿದು ಕೆಂಡವಾದ ಮೇಲೂ ನೀರು ಬಿಸಿಯಾಗಿರುತ್ತಿತ್ತು. ಮಣ್ಣಿನ ಕಟ್ಟೆ ತಾನು ಕಾಯಲು ಒಂದಿಷ್ಟು ಉರಿ ತಿನ್ನುತ್ತದೆ ನಿಜ. ಆದರೆ ಮನೆಮಂದಿಯೆಲ್ಲ ಒಬ್ಬರಾದ ಮೇಲೊಬ್ಬರು ಮೀಯುವ ಕಡೆ ಆ ಬಿಸಿ ಮತ್ತೆ ತುಂಬಿದ ತಣ್ಣೀರಿಗೇ ಸಲ್ಲುತ್ತದೆ. ಹಂಡೆಯ ನಿಜವಾದ ನಷ್ಟ ಇರುವುದು ತೆರೆದ ಬಾಯಲ್ಲಿ. ಒಂದು ಲೀಟರ್ ನೀರು ಆವಿಯಾಗಿ ಹೋದರೆ, ಸುಮಾರು 16 ಲೀಟರ್ ನೀರನ್ನು 35 ಡಿಗ್ರಿಯಷ್ಟು ಬಿಸಿ ಮಾಡುವ ಶಾಖ ಅದರೊಂದಿಗೆ ಹೋಗುತ್ತದೆ. ಸರಿಯಾಗಿ ಕೂರುವ ಮುಚ್ಚಳವೇ ಹಂಡೆಗೆ ಮೊದಲ ಹೊದಿಕೆ. ಹೀಗೆ ಉಳಿಯುವ ಸೌದೆ ಕಡೆಗಣಿಸುವಂಥದ್ದಲ್ಲ: ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ, ಗ್ರಾಮೀಣ ತಂತ್ರಜ್ಞಾನದ ‘ಅಸ್ತ್ರ’ ಕೇಂದ್ರ ಕುಣಿಗಲ್ ತಾಲ್ಲೂಕಿನ ಹಳ್ಳಿಗಳಲ್ಲಿ ಇಂಧನದ ಲೆಕ್ಕ ತೆಗೆದಾಗ, ಅಡುಗೆಯ ಸೌದೆಯ ಜೊತೆಗೆ ಸ್ನಾನದ ನೀರಿನ ಸೌದೆಯನ್ನೂ ಲೆಕ್ಕಕ್ಕೆ ಹಿಡಿಯಿತು.

ಗೀಸರ್‌ನ ಮಾತು ಬೇರೆ. 25 ಲೀಟರ್ ನೀರನ್ನು 25ರಿಂದ 60 ಡಿಗ್ರಿಗೆ ಕಾಯಿಸಲು ಸುಮಾರು ಒಂದು ಯೂನಿಟ್ ವಿದ್ಯುತ್ ಬೇಕು. ಎಷ್ಟೇ ದಪ್ಪ ಹೊದಿಕೆ ಹಾಕಿದರೂ ಇದು ಕಡಿಮೆಯಾಗದು. ಹೊದಿಕೆ ಉಳಿಸುವುದು ಕಾದ ನೀರು ಬಳಕೆಯಾಗದೆ ನಿಂತಾಗ ಕಳೆಯುವ ಬಿಸಿಯನ್ನು ಮಾತ್ರ. ಸ್ಟೋರೇಜ್ ಗೀಸರ್ ಮೇಲಿನ ಸ್ಟಾರ್ ಗುರುತು ಅಳೆಯುವುದೂ ಈ ನಷ್ಟವನ್ನೇ. ಕಾದ ಕೂಡಲೇ ಮಿಂದು ಸ್ವಿಚ್ ಆರಿಸುವ ಮನೆಗೆ ಹೆಚ್ಚಿನ ಹೊದಿಕೆಯಿಂದ ಲಾಭ ಅಲ್ಪ. ದಿನವಿಡೀ ಸ್ವಿಚ್ ಹಾಕಿಯೇ ಇರುವ ಮನೆಯಲ್ಲಿ, ಮೈ ಮುಟ್ಟಿದರೆ ಬಿಸಿ ತಾಗುವ ಹಳೆಯ ಗೀಸರ್‌ಗೆ ಗಾಜಿನ ಉಣ್ಣೆಯ ಹೊದಿಕೆ ತಕ್ಕದ್ದು. ಆದರೆ ಥರ್ಮೋಸ್ಟಾಟ್, ವೈರಿನ ಜಾಗ, ಸುರಕ್ಷತಾ ವಾಲ್ವ್ ಮುಚ್ಚಬಾರದು. ಗ್ಯಾಸ್ ಗೀಸರ್‌ಗೆ ಹೊದಿಕೆ ಹಾಕಲೇಬಾರದು.

ಎರಡೂ ತಾಲ್ಲೂಕುಗಳು ನಾಲೆ ನೀರಿನ ಭತ್ತದ ಸೀಮೆಗಳು. ಒಣಗಿದ ಭತ್ತದ ಹೊಟ್ಟು ತನ್ನೊಳಗೆ ಗಾಳಿಯನ್ನು ಹಿಡಿದಿಟ್ಟುಕೊಳ್ಳುವುದರಿಂದ ಒಳ್ಳೆಯ ಶಾಖನಿರೋಧಕ. ಕಾದ ನೀರು ತುಂಬಿಟ್ಟ ಪಾತ್ರೆಯ ಸುತ್ತ ಪೆಟ್ಟಿಗೆಯಲ್ಲಿ ಇದನ್ನು ಒತ್ತಿ ತುಂಬಬಹುದು. ಉರಿಯುವ ವಸ್ತುವಾದ್ದರಿಂದ ಒಲೆಯ ಬಳಿ ಸಲ್ಲದು, ನೆನೆದರೆ ಪ್ರಯೋಜನವಿಲ್ಲ.

ಸೋಲಾರ್ ಹೀಟರ್ ಇರುವ ಮನೆಗಳಲ್ಲಿ ಟ್ಯಾಂಕಿಗೆ ಕಾರ್ಖಾನೆಯಲ್ಲೇ ಫೋಮ್ ತುಂಬಿರುತ್ತಾರೆ. ಲೋಪ ಇರುವುದು ತಾರಸಿಯಿಂದ ಬಚ್ಚಲಿಗೆ ಇಳಿಯುವ ಕೊಳವೆಯಲ್ಲಿ. 20 ಮೀಟರ್ ಉದ್ದದ ಅರ್ಧ ಇಂಚಿನ ಕೊಳವೆಯಲ್ಲಿ ಎರಡರಿಂದ ನಾಲ್ಕು ಲೀಟರ್ ನೀರು ನಿಂತು ತಣ್ಣಗಾಗುತ್ತದೆ; ಬೆಳಿಗ್ಗೆ ನಲ್ಲಿ ತಿರುಗಿಸಿದಾಗ ಅಷ್ಟೂ ಚರಂಡಿ ಸೇರುತ್ತದೆ. ಹೊದಿಕೆ ಹಾಕಿದರೂ ರಾತ್ರಿಯಿಡೀ ನಿಂತ ನೀರು ಆರದಿರದು, ಹಾಗಾಗಿ ಮನೆ ಕಟ್ಟುವಾಗಲೇ ಕೊಳವೆಯನ್ನು ಆದಷ್ಟು ಗಿಡ್ಡವಾಗಿಡುವುದು ಮೇಲು. ಈಗಾಗಲೇ ಇರುವ ಕೊಳವೆಗೆ ಸುತ್ತುವ ರಬ್ಬರ್ ಫೋಮ್ ಬಿಸಿಲಿಗೆ ಸೀಳುವುದರಿಂದ, ಅದರ ಮೇಲೆ ಇನ್ನೊಂದು ಕವಚ ಬೇಕು.