ಉಣ್ಣೆಯ ನೂಲು: ಕದಿರಿನಿಂದ ಜಾತ್ರೆಯವರೆಗೆ

ನಮ್ಮ ನಾಡಿನ ಬಟ್ಟೆಯ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಮಗ್ಗದಿಂದಲೇ ಆರಂಭಿಸುತ್ತಾರೆ. ಅದಕ್ಕೆ ಕಾರಣವೂ ಇದೆ. ಮಗ್ಗಕ್ಕೆ ತೆರಿಗೆಯಿತ್ತು, ಆದ್ದರಿಂದ ಶಾಸನಗಳಲ್ಲಿ ಮಗ್ಗದೆರೆಯ ಉಲ್ಲೇಖ ಬಂದಿತು. ಬಟ್ಟೆಯನ್ನು ಮಾರುವ ವರ್ತಕರು ದೇವಾಲಯಗಳಿಗೆ ದತ್ತಿ ಬಿಟ್ಟರು. ಆದ್ದರಿಂದ ಅವರ ಸಂಘಗಳ ಹೆಸರು ಕಲ್ಲಿನ ಮೇಲೆ ಉಳಿಯಿತು. ನೇಯ್ಗೆಯನ್ನೇ ಕಾಯಕವಾಗಿ ಉಳ್ಳ ಜೇಡರ ದಾಸಿಮಯ್ಯನಂಥ ಶರಣರಿಂದ ಮಗ್ಗವು ಸಾಹಿತ್ಯದಲ್ಲಿಯೂ ನೆಲೆಯನ್ನು ಪಡೆಯಿತು. ಆದರೆ ಮಗ್ಗಕ್ಕೆ ಹಾಸು ಹೂಡುವ ಮೊದಲು ನೂಲು ಆಗಬೇಕು. ಒಂದು ಮಗ್ಗವು ಬಿಡುವಿಲ್ಲದೆ ನಡೆಯಬೇಕಾದರೆ ಹಲವು ಕೈಗಳು ನೂಲುತ್ತಿರಬೇಕು. ಆ ಕೈಗಳು ಯಾರವು, ಅವುಗಳಿಗೆ ದೊರೆತ ಪ್ರತಿಫಲವೇನು ಎಂಬ ಪ್ರಶ್ನೆಯನ್ನು ಕೇಳಿದವರು ವಿರಳ. ಕಂಬಳಿಯ ನೂಲನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಕೆಲಸದ ಸ್ವರೂಪವನ್ನು ತಿಳಿಯಬೇಕು. ದಖನಿ ತಳಿಯ ಕುರಿಯ ಉಣ್ಣೆ ಒರಟು, ಗಿಡ್ಡ ಎಳೆಯದು, ಬಹುಪಾಲು ಕಪ್ಪು. ವರ್ಷಕ್ಕೆ ಎರಡು ಬಾರಿ ಉಣ್ಣೆ ಕತ್ತರಿಸಿದರೂ ಒಂದು ಕುರಿಯಿಂದ ದೊರೆಯುವುದು ಅಲ್ಪವೇ. ಕತ್ತರಿಸಿದ ಉಣ್ಣೆಯಿಂದ ಮುಳ್ಳು, ಕಸ, ಜಿಡ್ಡು ತೆಗೆದು, ಬಣ್ಣಬಣ್ಣವಾಗಿ ವಿಂಗಡಿಸಿ, ಬಿಲ್ಲಿನ ಹುರಿಯನ್ನು ಮಿಡಿದು ಹಿಂಜಿ, ಹಂಜಿ ಮಾಡಿ, ಬಳಿಕ ನೂಲಬೇಕು. ಕುರಿ ಕಾಯುವ ಗಂಡಸರು ನಡೆಯುತ್ತಲೇ ಕೈಗದಿರಿನಲ್ಲಿ ನೂಲುವುದುಂಟು. ಮನೆಯಲ್ಲಿ ರಾಟೆಯ ಮುಂದೆ ಕುಳಿತು ನೂಲುವವರು ಹೆಂಗಸರು. ನೂತ ಎಳೆಯ ಹಾಸಿಗೆ ಹುಣಸೆ ಬೀಜದ ಗಂಜಿಯನ್ನು ಬಳಿದು ಬಿಗಿಗೊಳಿಸಿ, ಕುಣಿಮಗ್ಗದಲ್ಲಿ ನೇಯುತ್ತಾರೆ. ಈ ಕ್ರಮದಲ್ಲಿ ನೇಯ್ಗೆಯು ಕೊನೆಯ ಹಂತ ಮಾತ್ರ. ಅದಕ್ಕೆ ಮೊದಲಿನ ಶ್ರಮದ ಬಹುಭಾಗ ಹೆಂಗಸರ ಕೈಯದು.

ಬಣ್ಣದ ವಿಷಯದಲ್ಲಿ ನಮ್ಮ ಕಂಬಳಿಗೆ ಒಂದು ವಿಶೇಷವಿದೆ. ಕಪ್ಪು ಕಂಬಳಿಗೆ ಬಣ್ಣ ಕೊಟ್ಟದ್ದು ಕುರಿಯೇ ಹೊರತು ಬಣ್ಣಗಾರನಲ್ಲ. ಕಪ್ಪು, ಕಂದು, ಬೂದು, ಬಿಳಿ ಎಂಬ ಹುಟ್ಟುಬಣ್ಣಗಳನ್ನು ವಿಂಗಡಿಸಿ ನೂತು, ಅವುಗಳಿಂದಲೇ ಪಟ್ಟೆಗಳನ್ನೂ ಅಂಚನ್ನೂ ಮೂಡಿಸುತ್ತಿದ್ದರು. ಬಣ್ಣ ಹಾಕಬೇಕಾದರೆ ಬಿಳಿಯ ಉಣ್ಣೆಯೇ ಬೇಕು. ಕಪ್ಪಿನ ಮೇಲೆ ಬೇರೆ ಬಣ್ಣ ತೋರದು. ಅಂಟುವಾಳದ ನೀರಿನಲ್ಲಿ ತೊಳೆದ ಲಡಿಯನ್ನು ಸ್ಫಟಿಕದ ನೀರಿನಲ್ಲಿ ನೆನೆಸಿ, ಅರಗಿನ ಕೆಂಪಿನಲ್ಲಿಯೋ ಮಂಜಿಷ್ಠದ ಬೇರಿನ ಕಷಾಯದಲ್ಲಿಯೋ ಸಣ್ಣ ಉರಿಯಲ್ಲಿ ಕಾಯಿಸಬೇಕು. ಬಿಸಿಯಾದ ಉಣ್ಣೆಯನ್ನು ಒಮ್ಮೆಲೇ ತಣ್ಣೀರಿಗೆ ಹಾಕಿದರೂ ಕೈಯಿಂದ ಹಿಸುಕಿ ತಿಕ್ಕಿದರೂ ಎಳೆಗಳು ಒಂದಕ್ಕೊಂದು ಕಚ್ಚಿ ಕುಗ್ಗುತ್ತವೆ. ನೀಲಿಯ ರೀತಿಯೇ ಬೇರೆ: ಹುಳಿಯಿಸಿದ ನೀಲಿಯ ಬಾನಿಯಲ್ಲಿ ಅದ್ದಿದ ನೂಲು ಹೊರಬರುವಾಗ ಹಳದಿ ಮಿಶ್ರಿತ ಹಸಿರಾಗಿದ್ದು, ಗಾಳಿ ತಾಗಿದ ಮೇಲೆ ನೀಲಿಯಾಗುತ್ತದೆ. ಇವೆಲ್ಲವೂ ಅನುಭವದಿಂದ ಬಂದ ಶಾಸ್ತ್ರ. ಕೈಯಿಂದ ಕೈಗೆ ದಾಟಿದ ವಿದ್ಯೆ.

ಉಣ್ಣೆಯ ನೂಲು ನಮ್ಮಲ್ಲಿ ಕೇವಲ ಸರಕಾಗಿರಲಿಲ್ಲ. ಹಾಲುಮತ ಪರಂಪರೆಯಲ್ಲಿ ಉಣ್ಣೆಕಂಕಣ, ಹತ್ತಿಕಂಕಣ ಎಂಬ ಎರಡು ಪಂಗಡಗಳಿವೆ. ಮದುವೆಯಲ್ಲಿ ವಧೂವರರ ಕೈಗೆ ಕಟ್ಟುವ ಕಂಕಣದ ನೂಲು ಉಣ್ಣೆಯದೋ ಹತ್ತಿಯದೋ ಎಂಬುದೇ ಈ ಹೆಸರುಗಳಿಗೆ ಮೂಲ. ಒಂದು ಎಳೆ ನೂಲು ವಂಶದ ಗುರುತಾಯಿತೆಂಬುದು ಗಮನಾರ್ಹ. ಈ ಪರಂಪರೆಯು ರೇವಣಸಿದ್ಧರನ್ನು ಗುರುವೆಂದು ಸ್ಮರಿಸುತ್ತದೆ. ಶರಣರ ಸಾಲಿನಲ್ಲಿ ಕುರಿ ಕಾಯುತ್ತಿದ್ದ ವೀರಗೊಲ್ಲಾಳನಿದ್ದಾನೆ. ಕುರಿಯ ಹಿಕ್ಕೆಯನ್ನೇ ಲಿಂಗವೆಂದು ಭಾವಿಸಿ ಪೂಜಿಸಿದ ಅವನ ನಿಷ್ಠೆಯ ಕಥೆ ಭಕ್ತರಿಗೆಲ್ಲ ತಿಳಿದಿದೆ. ಮೈಲಾರನ ಗೊರವರು ಇಂದಿಗೂ ಕಪ್ಪು ಕಂಬಳಿಯ ನಿಲುವಂಗಿಯನ್ನೇ ತೊಡುತ್ತಾರೆ.

ನೂಲುವವರ ಕೂಲಿಯ ಬಗೆಗೆ ಪ್ರಾಚೀನ ಗ್ರಂಥಗಳಲ್ಲಿ ವಿವರ ದೊರೆಯುವುದು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ. ಈ ಗ್ರಂಥದ ಓಲೆಪ್ರತಿಯನ್ನು ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ೧೯೦೫ರಲ್ಲಿ ಗುರುತಿಸಿ ೧೯೦೯ರಲ್ಲಿ ಮುದ್ರಿಸಿದವರು ರು. ಶಾಮಶಾಸ್ತ್ರಿಗಳು, ಇದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ. ಅದರಲ್ಲಿ ಸೂತ್ರಾಧ್ಯಕ್ಷನೆಂಬ ಅಧಿಕಾರಿಯು ಉಣ್ಣೆ, ನಾರು, ಹತ್ತಿ ಮೊದಲಾದವುಗಳನ್ನು ವಿಧವೆಯರು, ಅಂಗವಿಕಲ ಸ್ತ್ರೀಯರು, ಕನ್ಯೆಯರು, ವೃದ್ಧೆಯರು ಮುಂತಾದವರಿಂದ ನೂಲಿಸಬೇಕೆಂದು ಹೇಳಿದೆ. ನೂಲು ನಯವೋ ಒರಟೋ ಮಧ್ಯಮವೋ ಎಂಬುದನ್ನು ನೋಡಿ ಕೂಲಿಯನ್ನು ನಿಗದಿ ಮಾಡಬೇಕು. ಕೂಲಿ ಕೊಡುವ ಕಾಲವನ್ನು ಮೀರಿದ ಅಧಿಕಾರಿಗೆ ದಂಡವಿದೆ. ಕೂಲಿ ಪಡೆದು ಕೆಲಸ ಮಾಡದ ಹೆಂಗಸಿಗೆ ಅದಕ್ಕಿಂತ ಕ್ರೂರವಾದ ಶಿಕ್ಷೆಯೂ ಇದೆ. ರಾಜ್ಯವು ನೂಲುವವಳನ್ನು ಕಂಡಿತ್ತು, ಅವಳ ಎಳೆಯನ್ನು ಅಳೆದಿತ್ತು. ಆದರೆ ಅವಳ ಮಾತನ್ನು ಬರೆದಿಡಲಿಲ್ಲ.

ನೂಲುವವಳು ತಾನೇ ಮಾತನಾಡಿದ್ದು ಕಲ್ಯಾಣದ ಶರಣರ ಪರಂಪರೆಯಲ್ಲಿ. ಕದಿರ ರೆಮ್ಮವ್ವೆ, ಕದಿರ ಕಾಯಕದ ಕಾಳವ್ವೆ ಎಂಬ ಇಬ್ಬರು ಶರಣೆಯರ ಹೆಸರಿನಲ್ಲಿಯೇ ಕದಿರು ಇದೆ. ಊರು ಮನೆತನಗಳಿಂದಲ್ಲ, ಕೈಯಲ್ಲಿ ಹಿಡಿದ ಉಪಕರಣದಿಂದಲೇ ಅವರು ಗುರುತಾದರು. ರೆಮ್ಮವ್ವೆಯು ತನ್ನ ಪ್ರಸಿದ್ಧ ವಚನದಲ್ಲಿ ರಾಟೆಯ ಒಂದೊಂದು ಅಂಗವನ್ನೂ ಹೆಸರಿಸಿ, ಅದಕ್ಕೊಂದು ತತ್ತ್ವವನ್ನು ಹೊಂದಿಸುತ್ತಾಳೆ. ಇದನ್ನು ನಾವು ಆಧ್ಯಾತ್ಮಿಕ ರೂಪಕವೆಂದು ಓದುತ್ತ ಬಂದಿದ್ದೇವೆ. ಅದು ಸರಿಯೇ. ಆದರೆ ಅದು ಚರಿತ್ರೆಯ ಸಾಕ್ಷ್ಯವೂ ಹೌದು.

ಈ ಮಾತಿಗೆ ವಿವರಣೆ ಬೇಕು. ರಾಟೆಯು ಭಾರತದಲ್ಲಿ ಯಾವಾಗಿನಿಂದ ಬಳಕೆಯಲ್ಲಿದೆ ಎಂಬುದು ವಿದ್ವಾಂಸರಲ್ಲಿ ಚರ್ಚಿತ ವಿಷಯ. ೧೯೬೯ರಲ್ಲಿ ಇರ್ಫಾನ್ ಹಬೀಬರು, ರಾಟೆಯು ೧೩-೧೪ನೆಯ ಶತಮಾನಗಳಲ್ಲಿ ಹೊರಗಿನಿಂದ ಬಂದಿತೆಂದು ವಾದಿಸಿದರು. ಅವರಿಗೆ ಮುಖ್ಯ ಆಧಾರವಾದುದು, ಬಹಮನಿ ಅರಸನ ಆಶ್ರಯದಲ್ಲಿದ್ದ ಇಸಾಮಿ ಎಂಬ ಕವಿ ೧೩೫೦ರಲ್ಲಿ ಮುಗಿಸಿದ ಪಾರಸಿ ಕಾವ್ಯದಲ್ಲಿ ಬರುವ ರಾಟೆಯ ಪ್ರಸ್ತಾಪ. ಸುಲ್ತಾನಾ ರಜಿಯಾಳನ್ನು ಕುರಿತು ಹೇಳುವಾಗ, ಹೆಣ್ಣಿಗೆ ಸಿಂಹಾಸನಕ್ಕಿಂತ ರಾಟೆಯೇ ತಕ್ಕದ್ದೆಂಬ ಅಭಿಪ್ರಾಯವನ್ನು ಆ ಕವಿ ಸೂಚಿಸುತ್ತಾನೆ. ದಕ್ಷಿಣ ಭಾರತದ ನೇಕಾರರ ಚರಿತ್ರೆಯನ್ನು ಬರೆದ ವಿಜಯಾ ರಾಮಸ್ವಾಮಿಯವರು ಇದಕ್ಕೆ ಎದುರಾಗಿ ೧೨ನೆಯ ಶತಮಾನದ ರೆಮ್ಮವ್ವೆಯ ವಚನದತ್ತ ಗಮನ ಸೆಳೆದರು. ಇಲ್ಲಿ ನಾವು ಅಭಿಮಾನಕ್ಕೆ ಒಳಗಾಗದೆ ಒಂದು ಮಾತನ್ನು ಒಪ್ಪಬೇಕು: ವಚನಗಳ ಸಂಕಲನ ಕಾರ್ಯವು ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿ, ಎಂದರೆ ೧೫ನೆಯ ಶತಮಾನದಲ್ಲಿ, ವಿಶೇಷವಾಗಿ ನಡೆಯಿತು, ನಮಗೆ ದೊರೆತ ಓಲೆಪ್ರತಿಗಳು ಶರಣರ ಕಾಲದವಲ್ಲ. ಆದುದರಿಂದ ಒಂದು ವಚನದಿಂದ ಯಂತ್ರದ ಕಾಲವನ್ನು ಖಚಿತವಾಗಿ ನಿರ್ಣಯಿಸಲಾಗದು. ಆದರೆ ಎರಡು ಸಾಕ್ಷ್ಯಗಳಲ್ಲಿರುವ ದೃಷ್ಟಿಭೇದ ಮಾತ್ರ ಸ್ಪಷ್ಟವಾಗಿದೆ. ಒಂದೆಡೆ ರಾಟೆಯು ಹೆಣ್ಣನ್ನು ಕೂಡಿಹಾಕುವ ಮೂಲೆ. ಇನ್ನೊಂದೆಡೆ ಅದು ಹೆಣ್ಣು ತಾನೇ ಆರಿಸಿಕೊಂಡ ಕಾಯಕದ ಪೀಠ. ರಾಟೆ ಹತ್ತಿಗೂ ಸಲ್ಲುತ್ತದೆ, ಉಣ್ಣೆಗೂ ಸಲ್ಲುತ್ತದೆ; ಈ ಗೌರವವೂ ಎರಡಕ್ಕೂ ಸಲ್ಲಬೇಕು.

ನೂಲು ಕಂಬಳಿಯಾಗಿ ಮಾರಾಟವಾಗುತ್ತಿದ್ದುದು ಸಂತೆ ಜಾತ್ರೆಗಳಲ್ಲಿ. ಟಿಪ್ಪುವಿನ ಪತನದ ಬೆನ್ನಲ್ಲೇ, ೧೮೦೦-೧೮೦೧ರಲ್ಲಿ, ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಕುರುಬರನ್ನೂ ಅವರ ಕಂಬಳಿಯನ್ನೂ ಕುರಿತು ಬರೆದಿದ್ದಾನೆ. ದಾವಣಗೆರೆ, ಚಳ್ಳಕೆರೆ, ಮೇಡ್ಲೇರಿಗಳ ಹೆಸರು ಕಂಬಳಿಯೊಡನೆ ಬೆಸೆದುಕೊಂಡಿದೆ. ಭಾರತ ಹುಣ್ಣಿಮೆಯ ಮೈಲಾರ ಜಾತ್ರೆಗೆ ಹೋದ ರೈತನು ಕಾರಣಿಕವನ್ನು ಕೇಳಿ, ಮಳೆಗಾಲಕ್ಕೆ ಕೊಪ್ಪೆಯಾಗುವ, ಚಳಿಗೆ ಹೊದಿಕೆಯಾಗುವ, ಮನೆಗೆ ಬಂದವರಿಗೆ ಹಾಸಾಗುವ ಕಂಬಳಿಯೊಂದನ್ನು ಹೆಗಲಿಗೆ ಹಾಕಿಕೊಂಡು ಹಿಂದಿರುಗುತ್ತಿದ್ದನು.

ಸುಮಾರು ಮೂವತ್ತು ವರ್ಷಗಳ ಹಿಂದೆ ರಾಣೆಬೆನ್ನೂರು ತಾಲ್ಲೂಕಿನ ಹಳ್ಳಿಯೊಂದರಲ್ಲಿ ನಾನು ಉಪಾಧ್ಯಾಯನಾಗಿದ್ದೆ. ಶಾಲೆಯ ದಾರಿಯಲ್ಲಿ ಒಬ್ಬ ಮುದುಕಿ ಜಗುಲಿಯ ಮೇಲೆ ದಿನವೂ ಉಣ್ಣೆ ನೂಲುತ್ತಿದ್ದಳು. ಎಳೆ ಹರಿಯದಂತೆ, ಒಂದೇ ದಪ್ಪಕ್ಕೆ, ನನ್ನೊಡನೆ ಮಾತನಾಡುತ್ತಲೇ ನೂಲುವಳು. ‘ಅವ್ವಾ, ಇದಕ್ಕೇನು ಸಿಗ್ತದ?’ ಎಂದು ಒಮ್ಮೆ ಕೇಳಿದೆ. ‘ಕಂಬಳಿಗೆ ದರ ಐತ್ರಿ ಮಾಸ್ತರ, ನೂಲಿಗೆ ಎಲ್ಲೈತಿ? ಮನಿ ಕೆಲಸಕ್ಕ ಯಾರು ರೊಕ್ಕ ಕೊಡ್ತಾರ?’ ಎಂದಳು. ತರಗತಿಯಲ್ಲಿ ಕಾಯಕದ ಪಾಠ ಹೇಳುತ್ತಿದ್ದ ನನಗೆ ಆ ದಿನ ಉತ್ತರ ತೋಚಲಿಲ್ಲ.

ಆ ದರವೂ ಕ್ರಮೇಣ ಕುಸಿಯಿತು. ಇದಕ್ಕೆ ಕಾರಣಗಳು ಹಲವು. ೧೮೮೪ರಲ್ಲಿ ಬೆಂಗಳೂರಿನಲ್ಲಿ ಉಣ್ಣೆ, ಹತ್ತಿ, ರೇಷ್ಮೆಗಳ ಗಿರಣಿ ಸ್ಥಾಪಿತವಾಗಿ, ಯಂತ್ರದ ಹೊದಿಕೆಗಳು ಬಂದವು. ೧೮೫೬ರಲ್ಲಿ ಪರ್ಕಿನ್ ಕಂಡುಹಿಡಿದ ರಾಸಾಯನಿಕ ಬಣ್ಣದಿಂದ ಮೊದಲಾಗಿ, ೧೮೯೭ರಲ್ಲಿ ಜರ್ಮನಿಯ ಕೃತಕ ನೀಲಿ ಮಾರುಕಟ್ಟೆಗೆ ಬರುವ ವೇಳೆಗೆ, ಗಿಡಮೂಲದ ಬಣ್ಣಗಾರಿಕೆ ಮೂಲೆಗೆ ಸರಿಯಿತು. ಬಳಿಕ ಕೃತಕ ನೂಲಿನ ಅಗ್ಗದ ರಗ್ಗುಗಳು ಹಳ್ಳಿಯ ಅಂಗಡಿಯನ್ನೂ ತುಂಬಿದವು; ಪ್ಲಾಸ್ಟಿಕ್ ಹಾಳೆ ಕೊಪ್ಪೆಯ ಸ್ಥಾನವನ್ನು ಆಕ್ರಮಿಸಿತು. ಉಣ್ಣೆಗೆ ಬೆಲೆ ಇಲ್ಲವಾದಾಗ ಕುರಿಗಾರನು ಮಾಂಸದ ಲಾಭವನ್ನು ನೋಡಿ, ಉಣ್ಣೆ ಬಾರದ ಕೂದಲು ತಳಿಗಳತ್ತ ತಿರುಗಿದನು. ಕತ್ತರಿಸುವ ಕೂಲಿಯೂ ಹುಟ್ಟದೆಂದು ಕತ್ತರಿಸಿದ ಉಣ್ಣೆಯನ್ನು ಬಯಲಿನಲ್ಲಿ ಎಸೆಯುವುದನ್ನು ಇಂದು ಕಾಣಬಹುದು. ಮಗ್ಗ ನಿಂತರೆ ಮತ್ತೆ ಹೂಡಬಹುದು. ಕುರಿಯ ತಳಿಯೂ ನೂಲುವ ಕೈಯ ಹದವೂ ಒಮ್ಮೆ ಕೈಬಿಟ್ಟರೆ ಮರಳಿ ಬರುವುದು ಕಷ್ಟ.

ಇತ್ತೀಚಿನ ದಶಕಗಳಲ್ಲಿ ಬೇರೊಂದು ಬಗೆಯ ಜಾತ್ರೆ ಹುಟ್ಟಿಕೊಂಡಿದೆ. ೧೯೮೭ರಲ್ಲಿ ಆರಂಭವಾದ ಸೂರಜ್‌ಕುಂಡದ ಮೇಳ, ೧೯೯೪ರಲ್ಲಿ ತೆರೆದ ದಿಲ್ಲಿ ಹಾಟ್ ಮೊದಲಾದವು ಕುಶಲಕರ್ಮಿಯನ್ನು ಕೊಳ್ಳುವವರ ಎದುರಿಗೆ ನೇರವಾಗಿ ಕೂರಿಸಿದವು. ಇಂತಹ ಮೇಳಗಳಲ್ಲಿ ಕಂಬಳಿಯಷ್ಟೇ ಅಲ್ಲ, ಕೈಯಿಂದ ನೂತು ಕೈಯಿಂದ ಬಣ್ಣ ಹಾಕಿದ ನೂಲನ್ನೇ ಲಡಿಯಾಗಿ ಕೊಳ್ಳುವವರೂ ಇದ್ದಾರೆ. ಚರಿತ್ರೆಯ ದೃಷ್ಟಿಯಿಂದ ಇದು ಸಣ್ಣ ಸಂಗತಿಯಲ್ಲ. ಮನೆಗೆಲಸವೆಂದು ಲೆಕ್ಕಕ್ಕೇ ಬಾರದಿದ್ದ ನೂಲು ತನ್ನದೇ ಬೆಲೆಯ ಚೀಟಿಯನ್ನು ಹೊತ್ತು ನಿಲ್ಲುತ್ತಿದೆ. ಆ ಮುದುಕಿ ಕೇಳಿದ ಪ್ರಶ್ನೆಗೆ ಇದು ಅರ್ಧ ಉತ್ತರ.

ಉಳಿದ ಅರ್ಧ ನಮ್ಮಲ್ಲಿದೆ. ನಗರದವರ ಕಣ್ಣಿಗೆ ಹಿತವಾಗಲೆಂದು ದೂರದ ಬಿಳಿ ಉಣ್ಣೆಯನ್ನು ತರಿಸಿ ಬಣ್ಣ ಹಾಕಿದರೆ ಮೇಳ ನಡೆದೀತು, ಆದರೆ ನಮ್ಮ ಕುರಿ ಉಳಿಯದು. ಬಣ್ಣಕ್ಕೆ ನಮ್ಮ ಹಿಂಡಿನ ಬಿಳಿ ಉಣ್ಣೆಯೂ, ಹುಟ್ಟುಬಣ್ಣಕ್ಕೆ ಕಪ್ಪು ಉಣ್ಣೆಯೂ ಜೊತೆಯಾಗಿ ಸಾಗಬೇಕು. ಬೆಲೆಯಲ್ಲಿ ನೂಲಿದವಳ ಪಾಲು ಎಷ್ಟೆಂಬುದು ಅವಳಿಗೂ ಕೊಳ್ಳುವವರಿಗೂ ತಿಳಿದಿರಬೇಕು. ಮಾರಯ್ಯನು ಅಗತ್ಯಕ್ಕಿಂತ ಹೆಚ್ಚಾಗಿ ತಂದ ಅಕ್ಕಿಯನ್ನು ಆಯ್ದಕ್ಕಿ ಲಕ್ಕಮ್ಮನು ಹಿಂದಕ್ಕೆ ಕಳುಹಿಸಿದಳು. ಈ ಪ್ರಸಂಗವನ್ನು ಹೇಳಿ, ಹೆಚ್ಚು ಬಯಸಬಾರದೆಂದು ದುಡಿಯುವವರಿಗೆ ನಾವು ಬೋಧಿಸುತ್ತ ಬಂದಿದ್ದೇವೆ. ಕಡಿಮೆ ಕೊಡಬಾರದೆಂದು ಕೊಳ್ಳುವವರಿಗೆ ಅಷ್ಟೇ ದೃಢವಾಗಿ ಬೋಧಿಸಿದ್ದೇವೆಯೇ?

ನಮ್ಮ ಮಠಗಳಿಗೆ ಇಲ್ಲೊಂದು ಸುಲಭವಾದ ಕಾರ್ಯವಿದೆ. ಪ್ರತಿವರ್ಷದ ಜಾತ್ರೆಯಲ್ಲಿ ಅಂಗಡಿಗಳಿಗೆ ಜಾಗ ಕೊಡುವಾಗ, ಉಣ್ಣೆ ನೂಲುವ ತಾಯಂದಿರಿಗೆ ಒಂದು ಚಪ್ಪರವನ್ನು ಬಾಡಿಗೆಯಿಲ್ಲದೆ ಬಿಟ್ಟುಕೊಡಬಹುದು. ಗದ್ದುಗೆಗೆ ಹಾಸುವ ಕಂಬಳಿಯನ್ನು ಅಲ್ಲಿಯೇ, ಅವರು ಹೇಳಿದ ಬೆಲೆಗೆ ಕೊಳ್ಳಬಹುದು. ಕದಿರನ್ನು ಹೆಸರಿಗೆ ಸೇರಿಸಿಕೊಂಡ ಶರಣೆಯರನ್ನು ಪೂಜ್ಯರೆಂದು ನೆನೆಯುವವರು, ಕದಿರನ್ನು ಹಿಡಿದು ಜಗುಲಿಯ ಮೇಲೆ ಕುಳಿತವರ ಹೆಸರನ್ನೂ ಕೇಳಿ ತಿಳಿಯುವುದು ಯುಕ್ತವಾಗಿದೆ.