ಹೊಸ್ತಿಲ ಬಳಿ ಮೂಡುವ ಲವಣದ ಕಲೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲ ಮುಗಿದು ಚಳಿಗಾಲದ ಒಣಗಾಳಿ ಬೀಸತೊಡಗಿದಾಗ ಮುಂಬಯಿಯ ಅನೇಕ ಮನೆಗಳಲ್ಲಿ, ವಿಶೇಷವಾಗಿ ಕೆಳ ಅಂತಸ್ತಿನಲ್ಲಿ, ಹೊಸ್ತಿಲ ಬಳಿ ಹಾಗೂ ಕಲ್ಲುಹಾಸಿನ ಸಂದುಗಳಲ್ಲಿ ಬಿಳಿಯ ಹುಡಿ ಕಾಣಿಸಿಕೊಳ್ಳುತ್ತದೆ. ಇದು ಧೂಳಲ್ಲ, ಲವಣ. ನೆಲದಡಿಯ ತೇವವು ಸಿಮೆಂಟು, ಇಟ್ಟಿಗೆ, ಮಣ್ಣುಗಳಲ್ಲಿರುವ ಲವಣಗಳನ್ನು ಕರಗಿಸಿಕೊಂಡು ಮೇಲೇರುತ್ತದೆ. ನೀರು ಆವಿಯಾದ ಮೇಲೆ ಲವಣ ಉಳಿಯುತ್ತದೆ.

ಇದನ್ನು ತೆಗೆಯಲು ಆ್ಯಸಿಡ್ ಬಳಸುವುದು ಸಲ್ಲದು. ನಮ್ಮ ಕಲಬುರಗಿ ಜಿಲ್ಲೆಯ ಶಹಾಬಾದ್ ಕಲ್ಲು, ರಾಜಸ್ಥಾನದ ಕೋಟಾ ಕಲ್ಲು, ಆಂಧ್ರದ ಕಡಪಾ ಕಲ್ಲು ಇವೆಲ್ಲವೂ ಸುಣ್ಣಕಲ್ಲುಗಳೇ. ಅಮೃತಶಿಲೆಯು ಸುಣ್ಣಕಲ್ಲಿನದೇ ರೂಪಾಂತರ. ಆಮ್ಲವು ಕಲೆಯೊಡನೆ ಕಲ್ಲನ್ನೂ ತಿಂದು ಹೊಳಪು ಕೆಡಿಸುತ್ತದೆ. ಲಿಂಬೆರಸ, ವಿನೆಗರ್‌ಗಳೂ ಆಮ್ಲಗಳೇ. ಆ್ಯಸಿಡ್‌ಗೆ ಬ್ಲೀಚಿಂಗ್ ಪುಡಿ ಬೆರೆತರಂತೂ ವಿಷಕಾರಿ ಕ್ಲೋರಿನ್ ಅನಿಲ ಹೊರಡುತ್ತದೆ.

ಸರಿಯಾದ ಕ್ರಮವು ಸರಳ. ನೆಲ ಪೂರ್ತಿ ಒಣಗಿರುವಾಗ ಮೆದು ಬ್ರಷ್‌ನಿಂದ ಹುಡಿಯನ್ನು ಉಜ್ಜಿ, ಗುಡಿಸಿ ಹೊರಹಾಕಿರಿ. ಬಳಿಕ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒರೆಸಿ, ಕೂಡಲೇ ಒಣಬಟ್ಟೆಯಿಂದ ತೇವ ತೆಗೆಯಿರಿ. ಧಾರಾಳವಾಗಿ ನೀರು ಸುರಿದರೆ ಲವಣವು ಕರಗಿ ಕಲ್ಲಿನೊಳಗೆ ಇಳಿದು, ಒಣಗಿದಾಗ ಮರಳಿ ಮೂಡುತ್ತದೆ. ಕಲೆ ಪೂರ್ತಿ ಹೋಗಲು ಇದನ್ನು ಹಲವು ಬಾರಿ ಮಾಡಬೇಕಾದೀತು.

ಪ್ರತಿವರ್ಷ ಒಂದೇ ಸ್ಥಳದಲ್ಲಿ ಕಲೆ ಮೂಡುವುದಾದರೆ ಸ್ನಾನಗೃಹದ ಕೊಳವೆಯ ಸೋರಿಕೆಯನ್ನೂ ಹೊರಗೋಡೆಯ ಬಿರುಕುಗಳನ್ನೂ ಪರೀಕ್ಷಿಸಬೇಕು; ಕಟ್ಟಡದ ಸೊಸೈಟಿಯ ಗಮನಕ್ಕೂ ತರಬೇಕು. ತೇವದ ಮೂಲವನ್ನು ತಡೆಯುವ ಮುನ್ನ ಪಾಲಿಶ್ ಮಾಡಿಸುವುದಾಗಲಿ, ಹೊಸ ಟೈಲ್ಸ್ ಹಾಕಿಸುವುದಾಗಲಿ ವ್ಯರ್ಥ ವೆಚ್ಚವೇ ಸರಿ.